ಬೆನ್ನಿನ ಆಪರೇಷನ್, ತಲೆಯ ಶಂಟ್: ಒಪ್ಪಿಕೊಳ್ಳುವ ಮೊದಲು ಏನು ನೋಡಬೇಕು, ಆಮೇಲೆ ಏನು ಮಾಡಬೇಕು

ನಮ್ಮ ಅಪ್ಪನ ನಡಿಗೆ ಒಂದೇ ದಿನದಲ್ಲಿ ಕೆಡಲಿಲ್ಲ. ಮೊದಲು ಹೆಜ್ಜೆ ಚಿಕ್ಕದಾಯಿತು. ಆಮೇಲೆ ಪಾದ ನೆಲಕ್ಕೆ ಅಂಟಿಕೊಂಡವರ ಹಾಗೆ ಎಳೆದುಕೊಂಡು ನಡೆಯತೊಡಗಿದರು. ವಯಸ್ಸಾಯಿತು ಅಂದುಕೊಂಡೆವು. ಮಂಡಿ ಸವೆದಿರಬೇಕು ಅಂದುಕೊಂಡೆವು. ಸೊಂಟದ ಎಂಆರ್‌ಐ ಮಾಡಿಸಿದಾಗ ನರದ ದಾರಿ ಕಿರಿದಾಗಿದೆ ಅಂತ ಬಂತು, ಬೆನ್ನಿಗೆ ಆಪರೇಷನ್ ಮಾಡಿಸುವ ಮಾತೂ ಶುರುವಾಯಿತು. ಆಗ ಇನ್ನೊಬ್ಬ ಡಾಕ್ಟರು ರಿಪೋರ್ಟ್ ಪಕ್ಕಕ್ಕಿಟ್ಟು ಎರಡು ಪ್ರಶ್ನೆ ಕೇಳಿದರು. ನಡೆಯುವಾಗ ಕಾಲು ನೋಯುತ್ತದಾ? ಇಲ್ಲ. ಮೂತ್ರ ತಡೆದುಕೊಳ್ಳಲು ಆಗುತ್ತದಾ? ಆರು ತಿಂಗಳಿಂದ ಆಗುತ್ತಿರಲಿಲ್ಲ, ಆದರೆ ಅಪ್ಪನಿಗೆ ಸಂಕೋಚ, ನಮಗೆ ಅದಕ್ಕೂ ನಡಿಗೆಗೂ ಸಂಬಂಧ ಇರಬಹುದು ಅಂತ ಹೊಳೆದಿರಲೇ ಇಲ್ಲ, ಹಾಗಾಗಿ ಯಾರಿಗೂ ಹೇಳಿರಲಿಲ್ಲ. ತಲೆಯ ಸ್ಕ್ಯಾನ್ ಮಾಡಿಸಿದರು. ಮೆದುಳಿನ ಒಳಗೆ ನೀರು ತುಂಬಿತ್ತು.

ಅಪ್ಪನಿಗೆ ಶಂಟ್ ಹಾಕಿಸಿದೆವು, ಅಂದರೆ ತಲೆಯ ನೀರನ್ನು ಹೊಟ್ಟೆಗೆ ಹರಿಸುವ ಟ್ಯೂಬ್. ಅದಕ್ಕೂ ಮೊದಲು ಅಕ್ಕನಿಗೆ ಡಿಸ್ಕ್, ಅಂದರೆ ಬೆನ್ನೆಲುಬುಗಳ ನಡುವಿನ ಮೆತ್ತೆಯ ಆಪರೇಷನ್ ಆಗಿತ್ತು. ನಾನು ಡಾಕ್ಟರ್ ಅಲ್ಲ. ಎರಡೂ ಸಲ ಆಸ್ಪತ್ರೆಯಲ್ಲಿ ರಾತ್ರಿ ಉಳಿದವನು, ಕೇಳಬೇಕಾದ ಪ್ರಶ್ನೆಗಳನ್ನು ತಡವಾಗಿ ಕೇಳಿದವನು. ನಿಮ್ಮ ಮನೆಯಲ್ಲೂ ಇಂಥ ಮಾತು ನಡೆಯುತ್ತಿದ್ದರೆ ಇದನ್ನು ಓದಿ.

ಮೊದಲ ಕೆಲಸ: ಬರೆದಿಡಿ, ವಿಡಿಯೋ ಮಾಡಿ

ಸ್ಕ್ಯಾನ್‌ಗಿಂತ ಮುಂಚೆ ಒಂದು ನೋಟ್‌ಬುಕ್ ಬೇಕು. ತೊಂದರೆ ಯಾವಾಗ ಶುರುವಾಯಿತು, ಎಷ್ಟು ದೂರ ನಡೆದರೆ ನಿಲ್ಲಬೇಕಾಗುತ್ತದೆ, ಕೂತರೆ ಕಡಿಮೆಯಾಗುತ್ತದಾ, ರಾತ್ರಿ ಎಷ್ಟು ಸಲ ಮೂತ್ರಕ್ಕೆ ಏಳುತ್ತಾರೆ, ಅಂಗಿಯ ಗುಂಡಿ ಹಾಕಲು ಕಷ್ಟವಾ, ಸಹಿ ಬದಲಾಗಿದೆಯಾ, ಹೇಳಿದ್ದನ್ನೇ ಮತ್ತೆ ಹೇಳುತ್ತಾರಾ, ಇವೆಲ್ಲ ತಾರೀಖಿನ ಸಮೇತ ಇರಲಿ. ಫೋನಿನಲ್ಲಿ ನಡಿಗೆಯ ವಿಡಿಯೋ ತೆಗೆಯಿರಿ. ಹತ್ತು ಮೀಟರ್ ಹೋಗಿ, ತಿರುಗಿ, ವಾಪಸ್ ಬರುವುದು ಕಾಣಬೇಕು. ತಿರುಗುವಾಗ ಎಷ್ಟು ಹೆಜ್ಜೆ ಬೇಕಾಗುತ್ತದೆ ಅನ್ನುವುದರಲ್ಲೇ ಡಾಕ್ಟರಿಗೆ ತುಂಬಾ ಸುಳಿವು ಸಿಗುತ್ತದೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ನೋವೇ ಇಲ್ಲದ ಜನರ ಬೆನ್ನಿನ ಸ್ಕ್ಯಾನ್‌ಗಳನ್ನು ಒಟ್ಟು ಸೇರಿಸಿ ನೋಡಿದ ಒಂದು ದೊಡ್ಡ ಪರಿಶೀಲನೆ 2015ರಲ್ಲಿ ಪ್ರಕಟವಾಯಿತು. 20 ವಯಸ್ಸಿನವರಲ್ಲೇ ನೂರಕ್ಕೆ 30 ಜನರಿಗೆ ಡಿಸ್ಕ್ ಉಬ್ಬಿತ್ತು. 80 ವಯಸ್ಸಿನವರಲ್ಲಿ ನೂರಕ್ಕೆ 84. ಯಾರಿಗೂ ನೋವಿರಲಿಲ್ಲ! ಅಂದರೆ ವಯಸ್ಸಾದವರ ಬೆನ್ನಿನ ರಿಪೋರ್ಟ್‌ನಲ್ಲಿ ಏನಾದರೂ ಬಂದೇ ಬರುತ್ತದೆ. ರಿಪೋರ್ಟ್‌ನಲ್ಲಿ ಕಂಡ ಜಾಗಕ್ಕೂ ದೇಹ ಹೇಳುತ್ತಿರುವ ತೊಂದರೆಗೂ ತಾಳೆಯಾದರೆ ಮಾತ್ರ ಆಪರೇಷನ್‌ನಿಂದ ಲಾಭ. ಆ ತಾಳೆ ನೋಡಲು ನಿಮ್ಮ ನೋಟ್‌ಬುಕ್ ಬೇಕು.

ಮೂರು ಥರದ ನಡಿಗೆ

ಹಿರಿಯರ ನಡಿಗೆ ಕೆಟ್ಟಾಗ ನಮ್ಮ ಹಾಗೆ ಮೋಸ ಹೋಗುವುದು ಬಹಳ ಸುಲಭ, ಅದಕ್ಕೇ ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಸೊಂಟದಲ್ಲಿ ನರದ ದಾರಿ ಕಿರಿದಾಗಿದ್ದರೆ ಸ್ವಲ್ಪ ದೂರ ನಡೆದ ಮೇಲೆ ಎರಡೂ ಕಾಲು ಭಾರ, ಸೆಳೆತ, ಜೋಮು. ಕೂತರೆ ಅಥವಾ ಮುಂದಕ್ಕೆ ಬಗ್ಗಿದರೆ ಹಾಯಾಗುತ್ತದೆ. ಕೈಗಾಡಿ ತಳ್ಳುತ್ತಾ ಬಗ್ಗಿ ನಡೆದರೆ ಅದೇ ಮನುಷ್ಯ ತುಂಬಾ ದೂರ ಹೋಗಬಲ್ಲ. ನೆಟ್ಟಗೆ ನಿಂತರೆ ಮತ್ತೆ ಶುರು.

ಕುತ್ತಿಗೆಯಲ್ಲಿ ಬೆನ್ನುಹುರಿಯೇ ಒತ್ತಿಕೊಂಡಿದ್ದರೆ ಕೈಯಲ್ಲಿ ಗೊತ್ತಾಗುತ್ತದೆ. ಗುಂಡಿ ಹಾಕಲು ಆಗುವುದಿಲ್ಲ, ಬೀಗದ ಕೈ ತಿರುಗಿಸಲು ಆಗುವುದಿಲ್ಲ, ಅಕ್ಷರ ಕೆಡುತ್ತದೆ. ಕಾಲು ಬಿಗಿಯಾಗಿ ಕತ್ತಲಲ್ಲಿ ಓಲಾಡುತ್ತಾರೆ. ಕೆಲವರಿಗೆ ಕುತ್ತಿಗೆ ಬಗ್ಗಿಸಿದರೆ ಬೆನ್ನಲ್ಲಿ ಕರೆಂಟ್ ಹೊಡೆದ ಹಾಗಾಗುತ್ತದೆ. ನೋವು ಇಲ್ಲದೆಯೂ ಇರಬಹುದು, ಅದೇ ಇದರ ಅಪಾಯ. ಇಲ್ಲಿ ಆಪರೇಷನ್‌ನ ಮೊದಲ ಗುರಿ ಇನ್ನೂ ಕೆಡದ ಹಾಗೆ ತಡೆಯುವುದು. ಹೋದ ಶಕ್ತಿ ಪೂರ್ತಿ ವಾಪಸ್ ಬರುತ್ತದೆ ಅಂತ ಹೇಳಲು ಆಗುವುದಿಲ್ಲ, ಹಾಗಾಗಿ ತಡ ಮಾಡಬಾರದು.

ಮೂರನೆಯದು ತಲೆಯಲ್ಲಿ ನೀರು. ಸಾಮಾನ್ಯವಾಗಿ 60 ದಾಟಿದವರಲ್ಲಿ ಕಾಣುವ ಇದಕ್ಕೆ ನಾರ್ಮಲ್ ಪ್ರೆಷರ್ ಹೈಡ್ರೋಸೆಫಲಸ್ ಅನ್ನುತ್ತಾರೆ. ಪಾದ ನೆಲಕ್ಕೆ ಅಂಟಿದ ಹಾಗೆ, ಕಾಲು ಅಗಲಿಸಿ, ಪುಟ್ಟ ಹೆಜ್ಜೆಯ ನಡಿಗೆ. ಮೂತ್ರ ತಡೆಯಲು ಆಗದಿರುವುದು. ಯೋಚನೆ ನಿಧಾನವಾಗುವುದು, ಮರೆವು. ಈ ಮೂರನ್ನೂ ಒಟ್ಟು ಸೇರಿಸಿ ಇದೊಂದು ಕಾಯಿಲೆ, ನೀರು ಹೊರಗೆ ಹರಿಸಿದರೆ ಸುಧಾರಿಸಬಹುದು ಅಂತ 1965ರಲ್ಲಿ ಜಗತ್ತಿಗೆ ತೋರಿಸಿದವರಲ್ಲಿ ಮುಖ್ಯರು ಕೊಲಂಬಿಯಾದ ಡಾಕ್ಟರ್ ಸಾಲೋಮೋನ್ ಹಕೀಂ. ಮರೆವಿನ ಕಾಯಿಲೆ ಅಂತಲೋ ಪಾರ್ಕಿನ್ಸನ್ ಅಂತಲೋ ಇವತ್ತಿಗೂ ಎಷ್ಟೋ ಜನರನ್ನು ಸುಮ್ನೆ ಮೂಲೆಯಲ್ಲಿ ಕೂರಿಸಿರುತ್ತಾರೆ. ನನಗೆ ಇದನ್ನು ನೆನೆದರೆ ಸಂಕಟವಾಗುತ್ತದೆ. ನಿಮ್ಮ ಮನೆಯ ಹಿರಿಯರಲ್ಲಿ ಈ ಮೂರರಲ್ಲಿ ಎರಡು ಕಂಡರೂ ತಲೆಯ ಸ್ಕ್ಯಾನ್ ಬೇಕಾ ಅಂತ ಬಾಯಿ ಬಿಟ್ಟು ಕೇಳಿ.

ಒಬ್ಬರಿಗೇ ಇವುಗಳಲ್ಲಿ ಎರಡು ಇರಲೂಬಹುದು, ಅಪ್ಪನಿಗೆ ಇದ್ದ ಹಾಗೆ. ಆಗ ಯಾವುದನ್ನು ಮೊದಲು ಸರಿಮಾಡಬೇಕು ಅಂತ ಡಾಕ್ಟರ್ ಜೊತೆ ಕೂತು ಮಾತಾಡಬೇಕು.

ಈ ಲಕ್ಷಣ ಕಂಡರೆ ನಾಳೆ ನೋಡೋಣ ಅನ್ನಬೇಡಿ

ಬೆನ್ನು ನೋವಿನ ಜೊತೆ ಮೂತ್ರ ಕಟ್ಟಿಕೊಳ್ಳುವುದು, ಮೂತ್ರ ಅಥವಾ ಮಲ ಹೋಗಿದ್ದೇ ಗೊತ್ತಾಗದಿರುವುದು, ಸೈಕಲ್ ಸೀಟಿಗೆ ತಾಗುವ ಜಾಗ ಮರಗಟ್ಟುವುದು, ಎರಡೂ ಕಾಲಿನ ಬಲ ಕುಸಿಯುವುದು. ಬೆನ್ನುಹುರಿ ಸೊಂಟದ ಮೊದಲ ಅಥವಾ ಎರಡನೇ ಎಲುಬಿನ ಹತ್ತಿರವೇ ಮುಗಿದುಹೋಗುತ್ತದೆ, ಅಲ್ಲಿಂದ ಕೆಳಗೆ ಕುದುರೆಯ ಬಾಲದ ಹಾಗೆ ನರಗಳ ಕಟ್ಟು ಇಳಿಯುತ್ತದೆ. ದೊಡ್ಡ ಡಿಸ್ಕ್ ಚೂರು ಆ ಇಡೀ ಕಟ್ಟನ್ನು ಒತ್ತಿದಾಗ ಹೀಗಾಗುತ್ತದೆ. ಗಂಟೆಗಳ ಲೆಕ್ಕದಲ್ಲಿ ಆಪರೇಷನ್ ಆಗಬೇಕು, ಬೇಗ ಆದಷ್ಟೂ ಮೂತ್ರಕೋಶ ಉಳಿಯುವ ಸಾಧ್ಯತೆ ಜಾಸ್ತಿ. ಹೇಳಲು ನಾಚಿಕೆ ಪಟ್ಟುಕೊಂಡು ಎರಡು ದಿನ ಕಳೆದರೆ ಜೀವನಪೂರ್ತಿ ಮೂತ್ರಕ್ಕೆ ಟ್ಯೂಬ್ ಹಾಕಿಕೊಳ್ಳಬೇಕಾಗಬಹುದು.

ಪಾದ ಮೇಲೆತ್ತಲು ಆಗದೆ ಎಡವುವುದು ಇನ್ನೊಂದು. ಮನೆಯಲ್ಲೇ ನೋಡಬಹುದು. ಗೋಡೆ ಪಕ್ಕ ನಿಂತು ಹಿಮ್ಮಡಿಯ ಮೇಲೆ ನಾಲ್ಕು ಹೆಜ್ಜೆ, ಆಮೇಲೆ ತುದಿಗಾಲಲ್ಲಿ ನಾಲ್ಕು ಹೆಜ್ಜೆ. ಒಂದು ಕಡೆ ಆಗದಿದ್ದರೆ, ಅಥವಾ ನಿನ್ನೆ ಆಗಿದ್ದು ಇವತ್ತು ಆಗದಿದ್ದರೆ, ತಕ್ಷಣ ತೋರಿಸಿ. ಜ್ವರದ ಜೊತೆ ಬೆನ್ನು ನೋವು, ಕ್ಯಾನ್ಸರ್ ಇದ್ದವರಿಗೆ ಹೊಸದಾಗಿ ಬಂದ ಬೆನ್ನು ನೋವು, ಬಿದ್ದ ಮೇಲಿನ ನೋವು, ಇವಕ್ಕೂ ಕಾಯಬೇಡಿ.

ತಲೆಯ ವಿಷಯಕ್ಕೆ ಬಂದರೆ, ಬೆಳಗ್ಗೆ ಎದ್ದಾಗ ಜಾಸ್ತಿ ಇರುವ ತಲೆನೋವು, ವಾಂತಿ, ಕಣ್ಣು ಮಂಜಾಗುವುದು, ಒಂದೇ ಸಮನೆ ನಿದ್ದೆ. ಹಸುಗೂಸಿಗೆ ತಲೆಯ ಸುತ್ತಳತೆ ಬೇಗ ಬೇಗ ಬೆಳೆಯುವುದು, ಅಳದಿದ್ದಾಗಲೂ ನೆತ್ತಿ ಉಬ್ಬಿ ಬಿಗಿಯಾಗಿರುವುದು, ಕಣ್ಣು ಕೆಳಕ್ಕೇ ನೋಡುತ್ತಾ ಮೇಲೆ ಬಿಳಿ ಭಾಗ ಕಾಣುವುದು, ಹಾಲು ಕಕ್ಕುವುದು. ಅಮ್ಮನಿಗೆ ಮಗು ಎಂದಿನ ಹಾಗಿಲ್ಲ ಅನ್ನಿಸಿದರೆ ಅದನ್ನೂ ಲಕ್ಷಣ ಅಂತಲೇ ಲೆಕ್ಕ ಹಾಕಿ.

ಬೆನ್ನಿನ ಆಪರೇಷನ್ ಯಾರಿಗೆ ಬೇಕು

ಮೇಲಿನ ಯಾವ ಅಪಾಯವೂ ಇಲ್ಲದೆ ಬರೀ ಸೊಂಟದಿಂದ ಕಾಲಿಗೆ ಇಳಿಯುವ ನೋವಿದ್ದರೆ ಸಾಮಾನ್ಯವಾಗಿ ಕನಿಷ್ಠ ಆರು ವಾರ ಕಾಯಬಹುದು. ಹೊರಗೆ ಬಂದ ಡಿಸ್ಕ್ ಚೂರನ್ನು ಎಷ್ಟೋ ಜನರಲ್ಲಿ ದೇಹವೇ ನಿಧಾನಕ್ಕೆ ಕರಗಿಸಿಕೊಳ್ಳುತ್ತದೆ. ಕಾಯುವುದು ಅಂದರೆ ಮಲಗಿರುವುದು ಅಂತಲ್ಲ. ನೋವಿನ ಮಾತ್ರೆ ತೆಗೆದುಕೊಂಡು, ಆದಷ್ಟು ಓಡಾಡುತ್ತಾ, ಫಿಸಿಯೋಥೆರಪಿ ಮಾಡಿಸಿಕೊಳ್ಳುತ್ತಾ ಇರುವುದು. ಅಕ್ಕ ಎಂಟು ವಾರ ಕಾದಳು. ಕಡಿಮೆಯಾಗಲಿಲ್ಲ, ರಾತ್ರಿ ನಿದ್ದೆ ಇಲ್ಲ, ಆಮೇಲೆ ಆಪರೇಷನ್.

ಡಿಸ್ಕ್ ಜಾರಿ ನರ ಒತ್ತುತ್ತದೆ, ಆ ಚೂರು ತೆಗೆದರೆ ಕಾಲು ನೋವು ಹೋಗುತ್ತದೆ ಅನ್ನುವುದನ್ನು ಮಿಕ್ಸ್‌ಟರ್ ಮತ್ತು ಬಾರ್ ಅನ್ನುವ ಇಬ್ಬರು ಡಾಕ್ಟರುಗಳು 1934ರಲ್ಲಿ ಬರೆದು ತೋರಿಸಿದರು. ಈಗ ಮಾಡುವ ಮೈಕ್ರೋಡಿಸ್ಕೆಕ್ಟಮಿಯಲ್ಲೂ ಅದೇ ಕೆಲಸ. ಎರಡು ಮೂರು ಸೆಂಟಿಮೀಟರ್ ಕೊಯ್ದು, ಮೈಕ್ರೋಸ್ಕೋಪ್‌ನಲ್ಲಿ ನೋಡುತ್ತಾ, ನರ ಒತ್ತುತ್ತಿರುವ ಚೂರು ಮಾತ್ರ ತೆಗೆಯುತ್ತಾರೆ. ಉಳಿದ ಡಿಸ್ಕ್ ಅಲ್ಲೇ ಇರುತ್ತದೆ. ಅದಕ್ಕೇ ನೂರರಲ್ಲಿ ಸುಮಾರು 5ರಿಂದ 15 ಜನರಿಗೆ ಅದೇ ಜಾಗದಲ್ಲಿ ಮತ್ತೆ ಜಾರಬಹುದು. ಇದನ್ನು ಮೊದಲೇ ತಿಳಿದುಕೊಂಡಿರಿ, ಆಮೇಲೆ ಯಾರೋ ತಪ್ಪು ಮಾಡಿದರು ಅಂತ ಕೊರಗುವುದು ಬೇಡ.

ನರದ ದಾರಿ ಕಿರಿದಾಗಿದ್ದರೆ ಎಲುಬಿನ ಹಿಂಭಾಗದ ಸ್ವಲ್ಪ ಮೂಳೆ, ದಪ್ಪಗಾದ ಪದರ ತೆಗೆದು ಜಾಗ ಮಾಡುತ್ತಾರೆ, ಇದು ಲ್ಯಾಮಿನೆಕ್ಟಮಿ. ಎಲುಬು ಜಾರುತ್ತಿದ್ದರೆ, ಮುರಿದಿದ್ದರೆ, ಬೆನ್ನು ಡೊಂಕಾಗುತ್ತಿದ್ದರೆ ಸ್ಕ್ರೂ, ರಾಡ್ ಹಾಕಿ ಎರಡು ಎಲುಬುಗಳನ್ನು ಬೆಸೆಯುವ ಫ್ಯೂಷನ್ ಬೇಕಾಗಬಹುದು. ಕುತ್ತಿಗೆಗಾದರೆ ಎಷ್ಟೋ ಸಲ ಮುಂಭಾಗದಿಂದಲೇ ಹೋಗಿ ಡಿಸ್ಕ್ ತೆಗೆದು ಬೆಸೆಯುತ್ತಾರೆ, ಆಮೇಲೆ ಕೆಲವು ದಿನ ನುಂಗಲು ಕಷ್ಟ, ದನಿ ಒಡೆದ ಹಾಗಿರುವುದು ಸಾಮಾನ್ಯ.

ಕೇಳಲೇಬೇಕಾದ ಪ್ರಶ್ನೆಗಳು ಇವು. ನನ್ನ ಯಾವ ತೊಂದರೆಗೆ ಈ ಆಪರೇಷನ್, ಕಾಲು ನೋವಿಗಾ ಸೊಂಟ ನೋವಿಗಾ? ಇದು ದೊಡ್ಡ ಪ್ರಶ್ನೆ, ಯಾಕೆಂದರೆ ನರ ಬಿಡಿಸಿದಾಗ ಕಾಲು ನೋವು ಚೆನ್ನಾಗಿ ಇಳಿಯುತ್ತದೆ, ಬರೀ ಸೊಂಟ ನೋವಿಗೆ ಅಷ್ಟು ಭರವಸೆ ಇಲ್ಲ. ಸ್ಕ್ರೂ ಯಾಕೆ ಬೇಕು, ಎಲುಬು ಜಾರಿರುವುದು ಎಕ್ಸ್‌ರೇಯಲ್ಲಿ ಕಾಣುತ್ತದಾ? ಜಾರದೇ ಇದ್ದರೆ ಸಾಮಾನ್ಯವಾಗಿ ಜಾಗ ಬಿಡಿಸುವುದಷ್ಟೇ ಸಾಕಾಗುತ್ತದೆ. ಇನ್ನೂ ಮೂರು ತಿಂಗಳು ಕಾದರೆ ಏನು ಕಳೆದುಕೊಳ್ಳುತ್ತೇನೆ? ನೀವು ಈ ಆಪರೇಷನ್ ಎಷ್ಟು ಮಾಡಿದ್ದೀರಿ? ಇನ್ನೊಬ್ಬರ ಅಭಿಪ್ರಾಯ ಕೇಳುತ್ತೇನೆ ಅಂದರೆ ಒಳ್ಳೆಯ ಸರ್ಜನ್ ಬೇಜಾರು ಮಾಡಿಕೊಳ್ಳುವುದಿಲ್ಲ.

ತಲೆಯ ನೀರು ಎಲ್ಲಿಂದ ಬರುತ್ತದೆ

ಇದು ಹೊರಗಿಂದ ಸೇರಿದ ನೀರು ಅಲ್ಲ. ಮೆದುಳಿನ ಒಳಗಿನ ಕೋಣೆಗಳಲ್ಲಿ ದಿನಕ್ಕೆ ಸುಮಾರು 500 ಮಿಲಿಲೀಟರ್ ನೀರು ತಯಾರಾಗುತ್ತದೆ, ಆದರೆ ಒಂದು ಹೊತ್ತಿಗೆ ಒಳಗಿರುವುದು ಸುಮಾರು 150 ಮಾತ್ರ. ಅಂದರೆ ದಿನಕ್ಕೆ ಮೂರು ನಾಲ್ಕು ಸಲ ಹಳೆಯದು ಹೋಗಿ ಹೊಸದು ಬರಬೇಕು. ಕಿರಿದಾದ ದಾರಿಗಳಲ್ಲಿ ಇಳಿದು, ಮೆದುಳು ಮತ್ತು ಬೆನ್ನುಹುರಿಯ ಸುತ್ತ ಹರಿದು, ಕೊನೆಗೆ ರಕ್ತಕ್ಕೆ ಸೇರುತ್ತದೆ. ದಾರಿಯಲ್ಲಿ ಗಡ್ಡೆ ಇದ್ದರೆ, ಹುಟ್ಟಿನಿಂದಲೇ ದಾರಿ ಕಿರಿದಾಗಿದ್ದರೆ, ಮೆದುಳು ಜ್ವರ ಅಥವಾ ರಕ್ತಸ್ರಾವದ ಮೇಲೆ ಹೀರಿಕೊಳ್ಳುವುದು ಕಡಿಮೆಯಾದರೆ, ನೀರು ನಿಲ್ಲುತ್ತದೆ. ಬೆನ್ನುಹುರಿ ಮುಚ್ಚಿಕೊಳ್ಳದೆ ಹುಟ್ಟುವ ಮಕ್ಕಳಲ್ಲಿ ಬಹಳಷ್ಟು ಮಕ್ಕಳಿಗೆ ತಲೆಯ ನೀರಿನ ತೊಂದರೆಯೂ ಇರುತ್ತದೆ. ಬೆನ್ನು ಮತ್ತು ತಲೆ ಒಂದೇ ಕೊಳವೆಯ ಎರಡು ತುದಿ. ಇಂಥ ಹುಟ್ಟು ದೋಷ ತಡೆಯಲು ಗರ್ಭ ಧರಿಸುವ ಮುಂಚಿನಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ತೆಗೆದುಕೊಳ್ಳಬೇಕು. ಹಿಂದಿನ ಮಗುವಿಗೆ ಈ ತೊಂದರೆ ಇದ್ದರೆ ಡೋಸ್ ತುಂಬಾ ಜಾಸ್ತಿ ಬೇಕು, ಡಾಕ್ಟರನ್ನು ಮೊದಲೇ ಕೇಳಿ.

ಹಿರಿಯರಿಗೆ ಆಪರೇಷನ್‌ಗೆ ಮುಂಚೆ ಸಾಮಾನ್ಯವಾಗಿ ಟ್ಯಾಪ್ ಟೆಸ್ಟ್ ಮಾಡುತ್ತಾರೆ. ಸೊಂಟಕ್ಕೆ ಸೂಜಿ ಹಾಕಿ 30ರಿಂದ 50 ಮಿಲಿಲೀಟರ್ ನೀರು ತೆಗೆದು, ಮುಂಚೆ ಮತ್ತು ಆಮೇಲೆ ನಡೆಸಿ, ಸಮಯ ಅಳೆಯುತ್ತಾರೆ. ಅವತ್ತು ನೀವೂ ವಿಡಿಯೋ ಮಾಡಿ, ಮಾರನೇ ದಿನವೂ ಮಾಡಿ. ಅಪ್ಪ ಟೆಸ್ಟ್ ಆದ ಸಂಜೆ ಗೋಡೆ ಹಿಡಿಯದೆ ಬಾತ್‌ರೂಮಿಗೆ ಹೋಗಿ ಬಂದರು, ನಾವು ಯಾರೂ ಮಾತಾಡಲಿಲ್ಲ, ಸುಮ್ಮನೆ ನೋಡುತ್ತಾ ನಿಂತೆವು. ಟೆಸ್ಟ್‌ನಲ್ಲಿ ಬದಲಾವಣೆ ಕಾಣದಿದ್ದರೂ ಆಸೆ ಬಿಡಬೇಕಿಲ್ಲ, ಎರಡು ಮೂರು ದಿನ ಸೊಂಟದಿಂದ ನಿಧಾನಕ್ಕೆ ನೀರು ಹರಿಸಿ ನೋಡುವ ದಾರಿಯೂ ಇದೆ. ಶಂಟ್ ಆದ ಮೇಲೆ ಮೊದಲು ಸುಧಾರಿಸುವುದು ಸಾಮಾನ್ಯವಾಗಿ ನಡಿಗೆ. ಮರೆವು ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ.

ಶಂಟ್ ಅಂದರೆ ಮೆದುಳಿನ ಕೋಣೆಯಿಂದ ಚರ್ಮದ ಕೆಳಗೆ, ಕಿವಿಯ ಹಿಂದೆ, ಕುತ್ತಿಗೆ, ಎದೆ ದಾಟಿ ಹೊಟ್ಟೆಯೊಳಗೆ ಇಳಿಯುವ ತೆಳು ಟ್ಯೂಬ್. ಮಧ್ಯದಲ್ಲಿ ನೀರಿನ ಹರಿವನ್ನು ಹತೋಟಿಯಲ್ಲಿಡುವ ಒಂದು ವಾಲ್ವ್. ಹೊಟ್ಟೆಯ ಒಳಪದರ ಆ ನೀರನ್ನು ಹೀರಿಕೊಳ್ಳುತ್ತದೆ. ಈ ವಾಲ್ವ್‌ಗೆ ಒಂದು ಕಥೆ ಇದೆ. 1950ರ ದಶಕದಲ್ಲಿ ಅಮೆರಿಕದ ಜಾನ್ ಹೋಲ್ಟರ್ ಅನ್ನುವವರು ಯಂತ್ರದ ಕೆಲಸ ಬಲ್ಲ ಒಬ್ಬ ತಂತ್ರಜ್ಞರು, ಡಾಕ್ಟರ್ ಅಲ್ಲ. ಅವರ ಮಗನಿಗೆ ಹುಟ್ಟಿನಿಂದ ಈ ತೊಂದರೆ ಇತ್ತು. ಮಗನಿಗಾಗಿ ಕೂತು ಸಿಲಿಕೋನ್ ವಾಲ್ವ್ ಮಾಡಿದರು, 1956ರಿಂದ ಅದು ಬಳಕೆಗೆ ಬಂತು, ಲೆಕ್ಕವಿಲ್ಲದಷ್ಟು ಮಕ್ಕಳು ಬದುಕಿದರು.

ಇನ್ನೊಂದು ದಾರಿ ಎಂಡೋಸ್ಕೋಪ್‌ನಿಂದ ಮೆದುಳಿನ ಮೂರನೇ ಕೋಣೆಯ ತಳದಲ್ಲಿ ಸಣ್ಣ ತೂತು ಮಾಡುವುದು, ಇಟಿವಿ ಅನ್ನುತ್ತಾರೆ. ಒಳಗೆ ಯಾವ ಟ್ಯೂಬೂ ಉಳಿಯುವುದಿಲ್ಲ. ನೀರಿನ ದಾರಿ ಒಂದು ಕಡೆ ಮುಚ್ಚಿಕೊಂಡಿದ್ದರೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ತುಂಬಾ ಚಿಕ್ಕ ಕೂಸುಗಳಲ್ಲಿ ಯಶಸ್ಸು ಕಡಿಮೆ. ನಮಗೆ ಇಟಿವಿ ಆಗುತ್ತದಾ, ಆಗದಿದ್ದರೆ ಯಾಕೆ ಅಂತ ಕೇಳಿ. ಶಂಟ್ ಆದರೆ ವಾಲ್ವ್ ಹೊರಗಿಂದ ಅಡ್ಜಸ್ಟ್ ಮಾಡುವಂಥದ್ದಾ, ಆಂಟಿಬಯೋಟಿಕ್ ಲೇಪ ಇರುವ ಟ್ಯೂಬ್ ಸಿಗುತ್ತದಾ ಅಂತಲೂ ಕೇಳಿ. ಅಂಥ ಟ್ಯೂಬ್‌ನಿಂದ ಸೋಂಕು ಕಡಿಮೆಯಾಗುತ್ತದೆ.

ಆಪರೇಷನ್‌ಗೆ ಮುಂಚೆ

ರಕ್ತ ತೆಳುವಾಗಿಸುವ ಮಾತ್ರೆ, ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್ ಏನೇ ಇದ್ದರೂ ಹೇಳಿ. ನೀವೇ ನಿಲ್ಲಿಸಬೇಡಿ, ಹೃದಯಕ್ಕೆ ಸ್ಟೆಂಟ್ ಇದ್ದವರಂತೂ ಖಂಡಿತ ಬೇಡ. ಸಕ್ಕರೆ ಹತೋಟಿಯಲ್ಲಿರಲಿ. ಚರ್ಮದ ಮೇಲೆ ಕುರು, ಉರಿಮೂತ್ರ, ಹಲ್ಲಿನ ಕೀವು ಇದ್ದರೆ ಮುಚ್ಚಿಡಬೇಡಿ. ಸಿಗರೇಟ್ ಕನಿಷ್ಠ ನಾಲ್ಕು ವಾರ ಮುಂಚೆ ಬಿಡಬೇಕು, ಫ್ಯೂಷನ್ ಆದರೆ ಆಮೇಲೂ ತಿಂಗಳುಗಟ್ಟಲೆ ಮುಟ್ಟಬಾರದು, ಹೊಗೆಯಿಂದ ಎಲುಬು ಬೆಸೆಯುವುದೇ ನಿಲ್ಲಬಹುದು.

ಮನೆಗೆ ಬಂದ ಮೇಲೆ

ಬೆನ್ನಿನ ಆಪರೇಷನ್ ಆದವರನ್ನು ಸಾಮಾನ್ಯವಾಗಿ ಅವತ್ತೇ ಅಥವಾ ಮಾರನೇ ದಿನ ನಡೆಸುತ್ತಾರೆ. ಹಾಸಿಗೆಯಿಂದ ಏಳುವುದನ್ನು ಕಲಿಯಬೇಕು. ಮೊದಲು ಭುಜ, ಸೊಂಟ, ಮಂಡಿ ಒಟ್ಟಿಗೆ ಮರದ ದಿಮ್ಮಿ ಉರುಳಿದ ಹಾಗೆ ಪಕ್ಕಕ್ಕೆ ಹೊರಳಿ, ಕಾಲು ಕೆಳಗೆ ಬಿಡುತ್ತಾ ಕೈಯೂರಿ ಏಳಬೇಕು. ಅಕ್ಕನಿಗೆ ಇದನ್ನು ನರ್ಸ್ ಒಬ್ಬರು ಹತ್ತು ಸಲ ಮಾಡಿಸಿದರು, ಅದರಿಂದಲೇ ಮನೆಯಲ್ಲಿ ಒಂದು ದಿನವೂ ಕಷ್ಟಪಡಲಿಲ್ಲ. ಮೊದಲ ಆರು ವಾರ ಬಗ್ಗುವುದು, ತಿರುಚುವುದು, ಭಾರ ಎತ್ತುವುದು ಬೇಡ. ಒಂದೇ ಕಡೆ ಕೂರಬೇಡಿ, ದಿನಕ್ಕೆ ನಾಲ್ಕೈದು ಸಲ ಸಣ್ಣ ಸಣ್ಣ ನಡಿಗೆ ಇರಲಿ. ನೋವಿನ ಮಾತ್ರೆಗೆ ಮಲಬದ್ಧತೆ ಆಗುತ್ತದೆ, ಮೊದಲ ದಿನದಿಂದಲೇ ಅದಕ್ಕೂ ಔಷಧಿ ಕೇಳಿ.

ಕಾಲು ನೋವು ಬೇಗ ಹೋಗುತ್ತದೆ, ಜೋಮು ಹೋಗಲು ತಿಂಗಳುಗಳು ಬೇಕು. ನರ ಬೆಳೆಯುವುದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್, ಸೊಂಟದಿಂದ ಪಾದ ಎಷ್ಟು ದೂರ ಅಲ್ವಾ! ಹೊಲಿಗೆಯಿಂದ ತಿಳಿ ನೀರು ಬರುವುದು, ನಿಂತರೆ ತಲೆನೋವು ಮಲಗಿದರೆ ಕಡಿಮೆ, ಜ್ವರ, ಕೀವು, ಮೀನಖಂಡ ಊದುವುದು, ಉಸಿರು ಕಟ್ಟುವುದು, ಹೊಸದಾಗಿ ಬಲ ಹೋಗುವುದು. ಇವಕ್ಕೆ ಅವತ್ತೇ ಆಸ್ಪತ್ರೆಗೆ ಹೋಗಿ.

ಶಂಟ್ ಜೊತೆ ಬದುಕುವುದು

ಶಂಟ್ ಒಂದು ಸಲ ಹಾಕಿ ಮರೆಯುವ ವಸ್ತುವಲ್ಲ. ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಶಂಟ್‌ಗಳು ಎರಡು ವರ್ಷದೊಳಗೆ ಕೆಡುತ್ತವೆ, ಮತ್ತೆ ಸರಿಮಾಡಿಸಬೇಕು. ಅಪ್ಪ ಅಮ್ಮಂದಿರು ಇದನ್ನು ತಮ್ಮ ತಪ್ಪು ಅಂದುಕೊಂಡು ಅಳುವುದನ್ನು ವಾರ್ಡಿನಲ್ಲಿ ನೋಡಿದ್ದೇನೆ. ಖಂಡಿತ ತಪ್ಪಲ್ಲ. ಟ್ಯೂಬ್ ಕಟ್ಟಿಕೊಳ್ಳುತ್ತದೆ, ತುಂಡಾಗುತ್ತದೆ, ಮಗು ಬೆಳೆದಂತೆ ಸಾಲದಾಗುತ್ತದೆ.

ಕಟ್ಟಿಕೊಂಡರೆ ಹಳೆಯ ಲಕ್ಷಣಗಳೇ ವಾಪಸ್ ಬರುತ್ತವೆ, ತಲೆನೋವು, ವಾಂತಿ, ಮಂಪರು. ಹಿರಿಯರಲ್ಲಿ ನಡಿಗೆ ಮತ್ತೆ ಹಿಂದಿನ ಹಾಗಾಗುತ್ತದೆ. ಕಳೆದ ಸಲದ ಹಾಗೇ ಆಗುತ್ತಿದೆ ಅಂತ ಮನೆಯವರಿಗೆ ಅನ್ನಿಸಿದರೆ ಎಮರ್ಜೆನ್ಸಿಯಲ್ಲಿ ಅದೇ ಮಾತು ಹೇಳಿ, ಮಗುವಿಗೆ ಹೊಟ್ಟೆ ಕೆಟ್ಟಿರಬೇಕು ಅಂತ ಕಳಿಸಲು ನೋಡಿದರೂ ಶಂಟ್ ಇದೆ, ನ್ಯೂರೋಸರ್ಜನ್ ನೋಡಬೇಕು ಅಂತ ಪಟ್ಟು ಹಿಡಿಯಿರಿ. ಜ್ವರ, ಟ್ಯೂಬ್ ಹಾದುಹೋಗುವ ಕಡೆ ಕೆಂಪು, ಹೊಟ್ಟೆ ನೋವು ಬಂದರೆ ಸೋಂಕಿರಬಹುದು, ಮೊದಲ ಆರು ತಿಂಗಳು ಇದರ ಮೇಲೆ ಜಾಸ್ತಿ ಗಮನ ಇರಲಿ. ಎದ್ದು ನಿಂತರೆ ತಲೆನೋವು ಬಂದು ಮಲಗಿದರೆ ಹೋಗುತ್ತಿದ್ದರೆ ನೀರು ಜಾಸ್ತಿ ಹರಿಯುತ್ತಿರಬಹುದು. ಹಿರಿಯರು ತಲೆಗೆ ಪೆಟ್ಟು ಮಾಡಿಕೊಂಡರೆ ಚಿಕ್ಕ ಪೆಟ್ಟು ಅನ್ನಬೇಡಿ, ಶಂಟ್ ಇರುವವರಿಗೆ ಮೆದುಳಿನ ಮೇಲೆ ರಕ್ತ ಸೇರುವ ಸಾಧ್ಯತೆ ಹೆಚ್ಚು. ಇಟಿವಿ ಮಾಡಿಸಿಕೊಂಡವರೂ ನಿಶ್ಚಿಂತೆಯಿಂದ ಇರಬಾರದು, ಆ ತೂತು ವರ್ಷಗಳಾದ ಮೇಲೂ ಮುಚ್ಚಿಕೊಳ್ಳಬಹುದು.

ಅಡ್ಜಸ್ಟ್ ಮಾಡುವ ವಾಲ್ವ್‌ಗಳು ಆಯಸ್ಕಾಂತದಿಂದ ಕೆಲಸ ಮಾಡುತ್ತವೆ. ಹೆಡ್‌ಫೋನ್, ಆಯಸ್ಕಾಂತ ಇರುವ ಆಟಿಕೆ, ಫೋನಿನ ಕವರ್ ಇವನ್ನು ವಾಲ್ವ್ ಇರುವ ಕಡೆ ಒತ್ತಿ ಹಿಡಿಯಬೇಡಿ. ಎಂಆರ್‌ಐ ಮಾಡಿಸಬಹುದು, ಆದರೆ ಮೊದಲೇ ಹೇಳಿ, ಮುಗಿದ ಮೇಲೆ ವಾಲ್ವ್‌ನ ನಂಬರ್, ಅಂದರೆ ಡಾಕ್ಟರ್ ಇಟ್ಟ ಸೆಟ್ಟಿಂಗ್, ಚೆಕ್ ಮಾಡಿಸಿ. ವಾಲ್ವನ್ನು ಬೆರಳಿಂದ ಒತ್ತಿ ಒತ್ತಿ ನೋಡುವ ಅಭ್ಯಾಸ ಬೇಡ.

ಚೆನ್ನಾಗಿರುವಾಗಲೇ ಒಂದು ಸ್ಕ್ಯಾನ್ ಇಟ್ಟುಕೊಳ್ಳಿ, ಕೆಟ್ಟಾಗ ಹೋಲಿಸಲು ಅದು ಬೇಕೇ ಬೇಕು. ಒಂದು ಕಾರ್ಡ್ ಮಾಡಿ, ಶಂಟ್ ಹಾಕಿದ ತಾರೀಖು, ವಾಲ್ವ್‌ನ ಹೆಸರು, ಈಗಿನ ನಂಬರ್, ಕೊನೆಯ ಸ್ಕ್ಯಾನ್ ಯಾವಾಗ, ಯಾವ ಔಷಧಿ ಆಗಿಬರುವುದಿಲ್ಲ ಅಂತ ಬರೆಯಿರಿ. ಅಪ್ಪನ ಪರ್ಸಿನಲ್ಲಿ ಒಂದು ಇದೆ, ಅದರ ಫೋಟೋ ಮನೆಯ ಎಲ್ಲರ ಫೋನಿನಲ್ಲೂ ಇದೆ. ಪ್ರತಿ ತಿಂಗಳ ಮೊದಲ ಭಾನುವಾರ ಈಗಲೂ ಹತ್ತು ಮೀಟರ್ ನಡಿಗೆಯ ವಿಡಿಯೋ ತೆಗೆಯುತ್ತೇನೆ, ತಿರುಗುವಾಗ ಹೆಜ್ಜೆ ಎಣಿಸುತ್ತೇನೆ. ಕಳೆದ ತಿಂಗಳು ಮೂರು.